ಕ್ಯಾನ್ಸರ್ ರೋಗಿಯ ಹಳೆಯ ಕಾಯಿಲೆಗಳು

ಕ್ಯಾನ್ಸರ್ ಬಹುಪಾಲು ನಡುವಯಸ್ಸು ದಾಟಿದವರಿಗೆ ಬರುವ ಕಾಯಿಲೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ತೊಂದರೆಗಳು ತಲೆಯೆತ್ತುವುದೂ ಅದೇ ವಯಸ್ಸಿನಲ್ಲಿ. ಹಾಗಾಗಿ ಅನೇಕ ರೋಗಿಗಳ ಕೈಯಲ್ಲಿ ಬಯಾಪ್ಸಿ ವರದಿಯ ಜೊತೆಗೆ ವರ್ಷಗಳಿಂದ ನುಂಗುತ್ತಿರುವ ಮಾತ್ರೆಗಳ ಚೀಟಿಯೂ ಇರುತ್ತದೆ. ಇಂಥ ಕಾಯಿಲೆಗಳಿಗೆ ಸಹವ್ಯಾಧಿಗಳೆಂದು ಹೆಸರು. 1970ರಲ್ಲಿ ಅಮೆರಿಕದ ವೈದ್ಯ ಆಲ್ವನ್ ಫೈನ್‌ಸ್ಟೈನ್ ಈ ಪರಿಕಲ್ಪನೆಯನ್ನು ಮುಂದಿಟ್ಟರು. 1987ರಲ್ಲಿ ಮೇರಿ ಚಾರ್ಲ್‌ಸನ್ ಮತ್ತು ಸಂಗಡಿಗರು ಒಂದೊಂದು ಕಾಯಿಲೆಗೂ ಅಂಕ ಕೊಟ್ಟು ಸಾವಿನ ಅಪಾಯವನ್ನು ಅಂದಾಜು ಮಾಡುವ ಸೂಚ್ಯಂಕ ರೂಪಿಸಿ, ಅದನ್ನು ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಒರೆಗೆ ಹಚ್ಚಿದರು.

ಭಾರತದಲ್ಲಿ ಈ ಪ್ರಶ್ನೆಯ ಗಾತ್ರ ದೊಡ್ಡದು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ, ವಯಸ್ಕರಲ್ಲಿ ಶೇ. 35.5ರಷ್ಟು ಮಂದಿಗೆ ರಕ್ತದೊತ್ತಡವಿದೆ. ಕಾಯಿಲೆಗಳ ಬೇರು ಎಷ್ಟೋ ಸಲ ಒಂದೇ. ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುವ ಬೀಡಿ-ಸಿಗರೇಟೇ ದೀರ್ಘಕಾಲದ ಉಬ್ಬಸಕ್ಕೂ ಹೃದಯಾಘಾತಕ್ಕೂ ದಾರಿ ಮಾಡುತ್ತದೆ. ಬೊಜ್ಜು ಮಧುಮೇಹವನ್ನು ತರುವಂತೆಯೇ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಅಪಾಯವನ್ನೂ ಹೆಚ್ಚಿಸುತ್ತದೆ.

ಚಿಕಿತ್ಸೆ ಆರಂಭವಾದ ಮೇಲೆ ಕಾಯಿಲೆಗಳ ನಂಟು ಇನ್ನಷ್ಟು ಬಿಗಿಯಾಗುತ್ತದೆ. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಅದು ಮೊದಲೇ ಸೊರಗಿದ್ದರೆ ಆ ಔಷಧಿಯನ್ನೇ ಕೈಬಿಡಬೇಕಾಗಬಹುದು. ಡಾಕ್ಸೊರುಬಿಸಿನ್ ಹೃದಯದ ಸ್ನಾಯುವನ್ನು ದುರ್ಬಲಗೊಳಿಸುವುದರಿಂದ ಜೀವಮಾನದಲ್ಲಿ ಕೊಡಬಹುದಾದ ಒಟ್ಟು ಪ್ರಮಾಣಕ್ಕೇ ಮಿತಿಯಿದೆ. ಸಕ್ಕರೆ ಕಾಯಿಲೆಯಿಂದ ಪಾದಗಳು ಈಗಾಗಲೇ ಜೋಮು ಹಿಡಿದವರಿಗೆ ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟಾಗ ಜೋಮು ಉಲ್ಬಣಿಸಬಹುದು. ಹೆಪಟೈಟಿಸ್ ಬಿ ಅಡಗಿರುವವರಲ್ಲಿ ರಿಟುಕ್ಸಿಮ್ಯಾಬ್ ಆ ಸೋಂಕನ್ನು ಮತ್ತೆ ಕೆರಳಿಸಬಲ್ಲದು.

ಸ್ಟೀರಾಯ್ಡ್‌ಗಳ ವಿಷಯದಲ್ಲಿ ತುಸು ನಿಲ್ಲಬೇಕು, ಏಕೆಂದರೆ ತಪ್ಪು ಸುಲಭವಾಗಿ ಆಗುವುದು ಇಲ್ಲಿಯೇ. ಲಿಂಫೋಮಾಕ್ಕೆ ಕೊಡುವ ಚಾಪ್ ಕ್ರಮದಲ್ಲಿ ದಿನಕ್ಕೆ 100 ಮಿಲಿಗ್ರಾಂ ಪ್ರೆಡ್ನಿಸೊಲೋನ್ 5 ದಿನ ಇರುತ್ತದೆ. ಬೆಳಿಗ್ಗೆ ನುಂಗಿದ ಮಾತ್ರೆಯಿಂದ ಸಕ್ಕರೆ ಏರುವುದು ಮಧ್ಯಾಹ್ನದಿಂದ ಸಂಜೆಯವರೆಗೆ. ಮರುದಿನ ಖಾಲಿ ಹೊಟ್ಟೆಯಲ್ಲಿ ಪರೀಕ್ಷಿಸಿದರೆ ಎಲ್ಲವೂ ಸರಿಯಿರುವಂತೆ ಕಾಣಬಹುದು. ಆರನೆಯ ದಿನದಿಂದ ಮಾತ್ರೆ ನಿಲ್ಲುತ್ತದೆ. ಆ ಐದು ದಿನಗಳಿಗೆಂದು ಹೆಚ್ಚಿಸಿದ ಇನ್ಸುಲಿನ್ ಇಳಿಸದಿದ್ದರೆ ಸಕ್ಕರೆ ಕುಸಿದು ರೋಗಿ ಬೆವರಿ, ತಲೆ ಸುತ್ತಿ ಬೀಳಬಹುದು. ಮನೆಯವರಿಗೆ ಅದು ಕಿಮೋದ ಸುಸ್ತಿನಂತೆ ಕಂಡರೆ ಆಶ್ಚರ್ಯವಿಲ್ಲ. ರಕ್ತಹೀನತೆ ಇದ್ದಾಗ ಅಥವಾ ರಕ್ತ ಕೊಟ್ಟ ಬಳಿಕ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿಯನ್ನೂ ಪೂರ್ತಿ ನಂಬುವಂತಿಲ್ಲ.

ಬಾಯಿ ಕ್ಯಾನ್ಸರಿಗೆ ವಿಕಿರಣ ಪಡೆಯುವವರ ಕಷ್ಟ ಬೇರೆ ತೆರನದು. ಬಾಯಿ ಹುಣ್ಣಾಗಿ ಗಂಜಿಯೂ ಇಳಿಯದ ದಿನಗಳಲ್ಲಿ, ಊಟ ಸರಿಯಿದ್ದಾಗ ಬರೆದುಕೊಟ್ಟ ಸಕ್ಕರೆಯ ಮಾತ್ರೆ ಹಾಗೇ ಮುಂದುವರಿದರೆ ಅದೇ ಅಪಾಯವಾಗುತ್ತದೆ. ತೂಕ ಇಳಿದವರಲ್ಲಿ ಬಿಪಿ ಮಾತ್ರೆಯ ಪ್ರಮಾಣವನ್ನೂ ಮರುಪರಿಶೀಲಿಸಬೇಕು.

ಔಷಧಗಳ ಪ್ರಾಯೋಗಿಕ ಅಧ್ಯಯನಗಳಿಂದ ಹೃದಯ, ಮೂತ್ರಪಿಂಡಗಳ ತೀವ್ರ ತೊಂದರೆಯುಳ್ಳವರನ್ನು ಸಾಮಾನ್ಯವಾಗಿ ಹೊರಗಿಡಲಾಗುತ್ತದೆ. ಅದರಿಂದ ಹೆಚ್ಚು ಎಚ್ಚರಿಕೆ ಬೇಕಾದ ರೋಗಿಗಳಿಗೇ ಕಡಿಮೆ ಪುರಾವೆ ಸಿಗುತ್ತಿದೆ. ಇನ್ನೊಂದು ಕಡೆ, ವಯಸ್ಸು ಮತ್ತು ಬಿಪಿಯನ್ನಷ್ಟೇ ನೋಡಿ ಗುಣವಾಗಬಹುದಾದ ರೋಗಿಗೂ ಅರೆಬರೆ ಚಿಕಿತ್ಸೆ ಕೊಡುವುದು ಅನ್ಯಾಯ. ನಿಯಂತ್ರಣದಲ್ಲಿರುವ ಸಹವ್ಯಾಧಿ ಪೂರ್ಣ ಚಿಕಿತ್ಸೆಗೆ ಅಡ್ಡಿಯಾಗಬೇಕಿಲ್ಲ.

ಕೇಂದ್ರ ಸರ್ಕಾರ 2010ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮ ಕ್ಯಾನ್ಸರ್, ಮಧುಮೇಹ, ಹೃದ್ರೋಗ, ಪಾರ್ಶ್ವವಾಯುಗಳನ್ನು ಒಂದೇ ಯೋಜನೆಯಡಿ ತಂದಿತು. ಆ ಒಗ್ಗೂಡುವಿಕೆ ರೋಗಿಯ ಕಡತದಲ್ಲೂ ಕಾಣಬೇಕು. ಮೊದಲ ಕಿಮೋಗೆ ಮುನ್ನವೇ ಸಕ್ಕರೆ, ಬಿಪಿ, ಕ್ರಿಯಾಟಿನಿನ್, ಹೆಪಟೈಟಿಸ್ ಬಿ ಪರೀಕ್ಷೆಗಳು ಆಗಿರಲಿ; ಹೃದಯಕ್ಕೆ ಪೆಟ್ಟಾಗುವ ಔಷಧಿಯಿದ್ದರೆ ಎಕೋ ಆಗಿರಲಿ; ಹಳೆಯ ಮಾತ್ರೆಗಳ ಪಟ್ಟಿಯನ್ನು ಕ್ಯಾನ್ಸರ್ ತಜ್ಞರೂ ಊರಿನ ವೈದ್ಯರೂ ಒಟ್ಟಿಗೆ ನೋಡುವ ವ್ಯವಸ್ಥೆಯಾಗಲಿ. ಜಿಲ್ಲಾ ಆಸ್ಪತ್ರೆಯಲ್ಲೂ ಪಾಲಿಸಬಹುದಾದ ಇಂಥ ಕ್ರಮಗಳ ಪಟ್ಟಿಯೊಂದು ಸಿದ್ಧವಾಗಲಿ.