ಕುಟುಂಬ ಪಿಂಚಣಿ: ಟ್ರಂಕಿನೊಳಗಿನ ಪುಸ್ತಕ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಸಾಲ, ಗೊಬ್ಬರದ ವಿಚಾರವನ್ನು ಬಲ್ಲವರು ಆಗಲೇ ಹೇಳಿದ್ದಾರೆ. ನಾನು ಖಜಾನೆಯಲ್ಲಿ ಗುಮಾಸ್ತನಾಗಿ ಸವೆದವನು. ನನಗೆ ಗೊತ್ತಿರೋದು ಪಿಂಚಣಿ, ಅದನ್ನೇ ಹೇಳ್ತೇನೆ.

ನಮ್ಮ ಕಡೆಯ ಒಬ್ಬ ತಾಯಿ. ಯಜಮಾನರು ಸರ್ಕಾರಿ ಶಾಲೆ ಮೇಷ್ಟ್ರಾಗಿ ನಿವೃತ್ತರಾಗಿ, ಆಮೇಲೆ ತೀರಿಕೊಂಡರು. ಅವರ ಜೊತೆಗೇ ಪಿಂಚಣಿಯೂ ಮುಗೀತು ಅಂತ ನಂಬಿ ಈಕೆ ಮೂರು ವರ್ಷ ಕೂಲಿಗೆ ಹೋದರು. ವಿಧವಾ ವೇತನಕ್ಕೆ ಅರ್ಜಿ ಕೊಡಲು ನಾಡಕಚೇರಿ ಮೆಟ್ಟಿಲ ಮೇಲೆ ಕೂತಿದ್ದಾಗ ನನ್ನ ಕಣ್ಣಿಗೆ ಬಿದ್ದರು.

"ಅಮ್ಮಾ, ಮೇಷ್ಟ್ರ ಪಿಂಚಣಿ ಪುಸ್ತಕ ಎಲ್ಲಿ?" ಅಂದೆ.

"ಟ್ರಂಕಿನಲ್ಲಿದೆ ಸ್ವಾಮಿ. ಸತ್ತವರ ಪುಸ್ತಕ ಯಾತಕ್ಕೆ?" ಅಂದರು.

ಅದೇ ಪುಸ್ತಕದಲ್ಲಿ ಆಕೆಯ ಹೆಸರಿತ್ತು, ಗಂಡನ ಜೊತೆ ತೆಗೆಸಿದ ಫೋಟೋ ಇತ್ತು, ಆಕೆಗೆ ಸಲ್ಲಬೇಕಾದ ಮೊತ್ತವೂ ಇತ್ತು! ಆದರೆ ಪುಸ್ತಕದಲ್ಲಿ ಹೆಸರಿನ ಕೊನೆಗೆ 'ಅಮ್ಮ', ಪಡಿತರ ಚೀಟಿಯಲ್ಲಿ 'ಬಾಯಿ'. ಅಷ್ಟಕ್ಕೇ ಇನ್ನೂ ಐದು ತಿಂಗಳು ಓಡಾಡಿದೆವು.

ನಮ್ಮ ರಾಜ್ಯದಲ್ಲಿ ಕುಟುಂಬ ಪಿಂಚಣಿ 1964ರಿಂದಲೂ ಇದೆ. ಸಾಮಾನ್ಯ ದರ ಕೊನೆಯ ಮೂಲ ವೇತನದ ಶೇಕಡ 30. ಮೂಲ ವೇತನ 50,000 ಇದ್ದರೆ 15,000, ಮೇಲೆ ತುಟ್ಟಿಭತ್ಯೆ. ಗಂಡ ಪಿಂಚಣಿಯ ಒಂದು ಪಾಲನ್ನು ಪರಿವರ್ತಿಸಿ ಗಂಟು ಹಣ ತಗೊಂಡಿದ್ದರೂ ಹೆಂಡತಿಯ ಪಿಂಚಣಿಗೆ ಕತ್ತರಿ ಇಲ್ಲ. ಇದು ಹಳೆಯ ಪಿಂಚಣಿಯವರ ಮಾತು. 1-4-2006ರಿಂದ ಈಚೆಗೆ ಕೆಲಸಕ್ಕೆ ಸೇರಿ ಎನ್‌ಪಿಎಸ್‌ಗೆ ಒಳಪಟ್ಟವರ ದಾರಿ ಬೇರೆ.

"ನಮ್ಮಣ್ಣ ನನ್ನ ಹೆಸರಿಗೆ ಬರೆದಿಟ್ಟಿದ್ದಾನೆ" ಅಂತ ಮೈದುನಂದಿರು ಹೆದರಿಸೋದುಂಟು. ರೈಲ್ವೆ ನೌಕರರೊಬ್ಬರು ತಮ್ಮನಿಗೆ ಉಯಿಲು ಬರೆದಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ: ಕುಟುಂಬ ಪಿಂಚಣಿ ಗಂಡನ ಆಸ್ತಿಯಲ್ಲ, ಅದನ್ನು ಉಯಿಲಿನಲ್ಲಿ ಬರೆಯೋಕೆ ಬರೋದಿಲ್ಲ.

ಪಿಂಚಣಿದಾರರೇ, ಬೇಸರ ಮಾಡ್ಕೋಬೇಡಿ, ಇದು ಬದುಕಿರುವಾಗಲೇ ಆಗಬೇಕಾದ ಕೆಲಸ. ಪುಸ್ತಕದಲ್ಲಿ ಹೆಂಡತಿಯ ಹೆಸರು, ಹುಟ್ಟಿದ ತಾರೀಖು ಆಧಾರ್ ಕಾರ್ಡಿನಲ್ಲಿ ಇರುವ ಹಾಗೇ ಇದೆಯೇ ನೋಡಿ. ಬ್ಯಾಂಕಿನಲ್ಲಿ ಇಬ್ಬರ ಹೆಸರಿನ ಜಂಟಿ ಖಾತೆ ಮಾಡಿಸಿ. ಪುಸ್ತಕ ಎಲ್ಲಿದೆ ಅಂತ ಆಕೆಗೆ ಹೇಳಿಡಿ. ಅಡಿಕೆ ಪಟ್ಟಿಯ ಲೆಕ್ಕ ಹೇಳ್ತೀರಿ, ಇದನ್ನೊಂದು ಮುಚ್ಚಿಡ್ತೀರಿ.

ತಾಯಂದಿರೇ, ಅಂಥ ಕಾಲ ಬಂದರೆ ಮರಣ ಪ್ರಮಾಣಪತ್ರ ಮತ್ತು ಪುಸ್ತಕ ಹಿಡಿದು ಪಿಂಚಣಿ ಬರುತ್ತಿದ್ದ ಬ್ಯಾಂಕಿಗೇ ಮೊದಲು ಹೋಗಿ. ಆಮೇಲೆ ಪ್ರತಿ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡೋದು ಮರೀಬೇಡಿ.

ಪುಸ್ತಕ ತಂದವರು ಊಟ ಆದ ಮೇಲೆ ಗೋದಾಮಿನ ಪಕ್ಕದ ಕೋಣೆಗೆ ಬನ್ನಿ. ಕನ್ನಡಕ ತಂದಿದ್ದೇನೆ, ಸಂಜೆ ಬಸ್ಸಿನ ತನಕ ಅಲ್ಲೇ ಕೂತಿರ್ತೇನೆ.