ಆಚೆ ದಂಡೆಯವರ ಮಾತು

ಮೆಟ್ರಿಕ್ ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು ನಾನು. ಅಕ್ಕಲಕೋಟೆ ತಾಲೂಕಿನ ಭೀಮಾ ದಂಡೆಯ ಊರು ನಮ್ಮದು. ದೇಶ ದೇಶಗಳ ರಾಜಕಾರಣ ಹೇಳುವಷ್ಟು ವಿದ್ಯೆ ನನಗಿಲ್ಲ. ಆದರೆ ಒಂಬತ್ತನೆಯ ಇಯತ್ತೆಯ ಮೊಮ್ಮಗಳಿಂದ ಕಲಿತ ಒಂದು ಪಾಠವನ್ನು ನಿಮ್ಮ ಮುಂದಿಡುತ್ತೇನೆ.

ಸೋಲಾಪುರದಲ್ಲಿ ಓದುವ ಆಕೆ ಒಂದು ದಿನ ಬಂದು, "ಅಜ್ಜಾ, ನಾ ಈಗ ಇಥಿಯೋಪಿಯಾ ದೇಶದ ಪ್ರತಿನಿಧಿ ಆಗೀನಿ" ಎಂದಳು. ನನಗೆ ನಗು ಬಂತು. ವಿಚಾರಿಸಿದಾಗ ತಿಳಿಯಿತು, ಅದು 'ಮಾದರಿ ವಿಶ್ವಸಂಸ್ಥೆ' ಎಂಬ ಚರ್ಚಾಕೂಟ. ವಿಶ್ವಸಂಸ್ಥೆ ಹುಟ್ಟುವ ಮೊದಲೇ, 1920ರ ದಶಕದಲ್ಲಿ, ಅಮೆರಿಕದ ವಿದ್ಯಾರ್ಥಿಗಳು ಅಂದಿನ ರಾಷ್ಟ್ರಸಂಘದ ಸಭೆಯನ್ನು ಹೀಗೆ ನಟಿಸಿ ಕಲಿಯುತ್ತಿದ್ದರು. ನೆದರ್ಲೆಂಡ್ಸ್ ದೇಶದ ಹೇಗ್ ನಗರದಲ್ಲಿ 1968ರಿಂದ ಶಾಲಾ ಮಕ್ಕಳ ಇಂಥ ಸಭೆ ನಡೆದುಬಂದಿದೆ. ಈಗ ನಮ್ಮ ನಗರಗಳ ಶಾಲೆಗಳಿಗೂ ಬಂದಿದೆ.

ಪ್ರತಿ ಮಗುವಿಗೂ ಒಂದು ದೇಶ ಕೊಡುತ್ತಾರೆ. ಮುಂದೆ ಆ ದೇಶದ ಹೆಸರಿನ ಫಲಕ. ಅಧ್ಯಕ್ಷರು ಕರೆದಾಗ, ಕೊಟ್ಟಷ್ಟೇ ಹೊತ್ತು ಮಾತಾಡಬೇಕು. 'ನಾನು' ಎನ್ನುವಂತಿಲ್ಲ, 'ನನ್ನ ದೇಶ' ಎನ್ನಬೇಕು. ನಡುವೆ ಸಭೆ ನಿಲ್ಲಿಸಿ, ಗುಂಪುಗೂಡಿ ಮಾತಾಡಿಕೊಂಡು, ಠರಾವಿನ ಕರಡು ಬರೆದು, ತಿದ್ದುಪಡಿ ಮಾಡಿ, ಮತಕ್ಕೆ ಹಾಕುತ್ತಾರೆ. ಸ್ವಂತ ಅಭಿಪ್ರಾಯಕ್ಕೆ ಅಲ್ಲಿ ಜಾಗವಿಲ್ಲ. ಕೊಟ್ಟ ದೇಶದ ಮಾತನ್ನೇ ಆಡಬೇಕು.

ಅವರ ವಿಷಯ ನೈಲ್ ನದಿಯ ನೀರು. ಮೇಲಿನ ಇಥಿಯೋಪಿಯಾ 2011ರಲ್ಲಿ ನೀಲಿ ನೈಲಿಗೆ ಅಣೆಕಟ್ಟು ಆರಂಭಿಸಿ 2025ರಲ್ಲಿ ಉದ್ಘಾಟಿಸಿತು. ಕೆಳಗಿನ ಈಜಿಪ್ತಿಗೆ ನೈಲ್ ಬಿಟ್ಟರೆ ನೀರೇ ಇಲ್ಲವೆನ್ನಬೇಕು. 2021ರ ಜುಲೈಯಲ್ಲಿ ನಿಜವಾದ ಭದ್ರತಾ ಮಂಡಳಿಯಲ್ಲೂ ಈ ವ್ಯಾಜ್ಯ ಚರ್ಚೆಯಾಯಿತು. ಮೊಮ್ಮಗಳಿಗೆ ಮೊದಲು ಈಜಿಪ್ತಿನ ಪಕ್ಷವೇ ನ್ಯಾಯವೆನಿಸಿ, ದೇಶ ಬದಲಿಸಿಕೊಡಿರೆಂದು ಗುರುಗಳನ್ನು ಕೇಳಿದಳು. ಅವರು ಒಪ್ಪಲಿಲ್ಲ. ಹದಿನೈದು ದಿನ ಓದಿದ ಮೇಲೆ, "ಅಲ್ಲಿ ಎಷ್ಟೋ ಮನಿಯಾಗ ಇನ್ನಾ ಲೈಟಿಲ್ಲ ಅಜ್ಜಾ" ಎಂದಳು.

ಅಂದು ರಾತ್ರಿ ಊಟದ ಹೊತ್ತಿಗೆ ನಮ್ಮ ಭೀಮೆಯ ಮಾತು ಬಂತು. ಹಿಂದೆ ಒಂದು ಬೇಸಿಗೆಯಲ್ಲಿ ಬಂಧಾರದ ಹಲಗೆ ತೆಗೆದರೆಂದು ಎರಡೂ ದಂಡೆಯವರು ಹೊಡೆದಾಟಕ್ಕೆ ನಿಂತಿದ್ದರು. ನಾನೂ ಬಾಯಿಗೆ ಬಂದಂತೆ ಬೈದವನೇ. ನನ್ನ ತಂಗಿಯನ್ನು ಕೊಟ್ಟದ್ದು ಆಚೆ ದಂಡೆಯ ಇಂಡಿ ತಾಲೂಕಿನ ಊರಿಗೆ. ಆ ಸಿಟ್ಟಿನಲ್ಲಿ ಎರಡು ವರ್ಷ ಪಂಚಮಿಗೆ ಆಕೆಯನ್ನು ಕರೆಯಲು ಹೋಗಲಿಲ್ಲ.

"ಅಜ್ಜಾ, ಆ ದಂಡಿ ಮಂದಿ ಪರವಾಗಿ ಎರಡು ನಿಮಿಷ ಮಾತಾಡ್ರಿ ನೋಡೋಣು" ಎಂದಳು ಹುಡುಗಿ.

ನನ್ನ ಬಾಯಿ ಏಳಲಿಲ್ಲ. ಜಮೆ ಖರ್ಚು ಎರಡೂ ಬದಿ ತಾಳೆಯಾಗದೆ ದಿನದ ಲೆಕ್ಕ ಮುಚ್ಚದವನು, ಈ ಒಂದು ಖಾತೆಯ ಒಂದೇ ಬದಿ ಬರೆದಿಟ್ಟಿದ್ದೆ. ಕಡೆಗೆ ತಡವರಿಸುತ್ತ ಹೇಳಿದೆ: ಅವರ ಬಾವಿಯೂ ಬತ್ತಿತ್ತು, ಅವರ ದನಗಳೂ ನೀರಿಗೆ ಒದರುತ್ತಿದ್ದವು.

ಮುಂದಿನ ಪಂಚಮಿಗೆ ನಾನೇ ಹೋಗಿ ತಂಗಿಯನ್ನು ಕರೆತಂದೆ. ಆ ಎರಡು ವರ್ಷದ ಮಾತು ನಾನೇ ತೆಗೆದೆ. "ಸಂಜೀತನಕಾ ಬಾಗಲದಾಗ ಕುಂತು ದಾರಿ ನೋಡಿದ್ನಿ ಅಣ್ಣಾ" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮೊಮ್ಮಗಳ ಠರಾವು ಬಿದ್ದುಹೋಯಿತು, ಬಹುಮಾನವೂ ಬರಲಿಲ್ಲ. ಈಜಿಪ್ತಿನ ಹುಡುಗಿಯೊಡನೆ ಡಬ್ಬಿ ಹಂಚಿಕೊಂಡು ಉಂಡು ಬಂದಳು.

ಇದು ಇಂಗ್ಲಿಷ್ ಬಲ್ಲವರ ಆಟವೆನ್ನಬೇಡಿರಿ. ವಿಶ್ವಸಂಸ್ಥೆಯ ಅಧಿಕೃತ ಭಾಷೆ ಆರು, ಹಿಂದಿ ಅದರಲ್ಲಿಲ್ಲ. ಆದರೂ 1977ರಲ್ಲಿ ವಾಜಪೇಯಿಯವರು ಅಲ್ಲಿ ಹಿಂದಿಯಲ್ಲಿಯೇ ಮಾತಾಡಿದರು. ನಮ್ಮ ಕನ್ನಡ ಶಾಲೆಯ ಹತ್ತು ಮಕ್ಕಳು, ಹತ್ತು ರಟ್ಟಿನ ಫಲಕ, ಒಬ್ಬ ಗುರುಗಳು ಇದ್ದರೆ ಸಾಕು. ವಿಷಯ ಹುಡುಕಲು ನೈಲಿನವರೆಗೆ ಹೋಗಬೇಕಿಲ್ಲ. ಈಚೆ ದಂಡೆಯ ಮಗುವಿಗೆ ಆಚೆ ದಂಡೆಯ ಫಲಕ ಕೊಡಿರಿ. ಹಿರಿಯರು ಹಿಂದೆ ಕುಳಿತು ಕೇಳಿರಿ.