ನೈಟ್ರಸ್ ಆಕ್ಸೈಡ್ ಇಂಧನವಲ್ಲ

(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ಯಾವ ವಿಷಯದ ಬಗ್ಗೆ ಮಾತನಾಡಲಿ ಎಂದು ವಿದ್ಯಾರ್ಥಿಗಳನ್ನೇ ಕೇಳಿದೆ. ಸಿನಿಮಾದಲ್ಲಿ ಗುಂಡಿ ಒತ್ತಿದೊಡನೆ ಕಾರು ಬಾಣದಂತೆ ಚಿಮ್ಮುತ್ತದಲ್ಲ, ಆ ಗ್ಯಾಸಿನ ಬಗ್ಗೆ ಹೇಳಿ ಎಂದರು. 2001ರ ‘ದಿ ಫಾಸ್ಟ್ ಆ್ಯಂಡ್ ದಿ ಫ್ಯೂರಿಯಸ್’ ಚಿತ್ರ ಹತ್ತಿಸಿದ ಹುಚ್ಚು ಇನ್ನೂ ಇಳಿದಿಲ್ಲ! ಆ ಗ್ಯಾಸ್ ನೈಟ್ರಸ್ ಆಕ್ಸೈಡ್. ಅದು ಪೆಟ್ರೋಲಿನ ಹಾಗೆ ಉರಿಯುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಉರಿಯುವುದಿಲ್ಲ. ಈ ತಪ್ಪು ತಿಳಿವಳಿಕೆಯಿಂದಲೇ ಎಷ್ಟೋ ಎಂಜಿನ್‌ಗಳು ಹಾಳಾಗುತ್ತವೆ.

ಸೌದೆ ಒಲೆಗೆ ಊದುಗೊಳವೆಯಲ್ಲಿ ಊದುವುದನ್ನು ನಮ್ಮ ಮನೆಗಳಲ್ಲಿ ನೋಡಿದ್ದೇವೆ. ಊದಿದ ಗಾಳಿ ಉರಿಯುವುದಿಲ್ಲ, ಸೌದೆಯನ್ನು ಉರಿಸುತ್ತದೆ. ಎಂಜಿನ್ನೂ ಹಾಗೆಯೇ. 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು. ಸಿಲಿಂಡರಿನೊಳಗೆ ಹಿಡಿಯುವ ಗಾಳಿಗೆ ಮಾತ್ರ ಮಿತಿಯಿದೆ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 23, ನೈಟ್ರಸ್ ಆಕ್ಸೈಡಿನಲ್ಲಿ ಶೇ. 36. ಎಂಜಿನಿನ ಬಿಸಿಗೆ ಅದರ ಅಣು ಒಡೆದು ಸಾರಜನಕವೂ ಆಮ್ಲಜನಕವೂ ಬೇರೆಯಾಗುತ್ತವೆ. ಒಡೆಯುವಾಗಲೂ ಒಂದಿಷ್ಟು ಶಾಖ ಬಿಡುಗಡೆಯಾಗುತ್ತದೆ. ಆ ಆಮ್ಲಜನಕದ ಬಲದಿಂದ ಹೆಚ್ಚು ಪೆಟ್ರೋಲ್ ಉರಿಯುತ್ತದೆ. ಶಕ್ತಿ ಬರುವುದು ಮುಖ್ಯವಾಗಿ ಆ ಹೆಚ್ಚುವರಿ ಪೆಟ್ರೋಲಿನಿಂದ.

ಇನ್ನೊಂದು ಲಾಭವಿದೆ. ಬಾಟಲಿಯಲ್ಲಿ ಇದು ಒತ್ತಡಕ್ಕೆ ಸಿಕ್ಕಿ ದ್ರವವಾಗಿರುತ್ತದೆ. ಹೊರಬಂದೊಡನೆ ಮೈನಸ್ 88 ಡಿಗ್ರಿಯಲ್ಲಿ ಕುದಿದು ಅನಿಲವಾಗುತ್ತದೆ, ಸುತ್ತಲಿನ ಗಾಳಿಯನ್ನು ತಂಪು ಮಾಡುತ್ತದೆ. ತಂಪಾದ ಗಾಳಿ ದಟ್ಟವಾಗಿರುವುದರಿಂದ ಅದೇ ಜಾಗದಲ್ಲಿ ಹೆಚ್ಚು ಹಿಡಿಯುತ್ತದೆ.

ಇದು ಮೊದಲು ಗಂಭೀರವಾಗಿ ಬಳಕೆಗೆ ಬಂದದ್ದು ರೇಸಿನಲ್ಲಲ್ಲ, ಯುದ್ಧದಲ್ಲಿ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ‘ಜಿಎಂ-1’ ಎಂಬ ವ್ಯವಸ್ಥೆಯನ್ನು ಮೆಸ್ಸರ್‌ಸ್ಮಿಟ್ 109, ಯುಂಕರ್ಸ್ 88ರ ಕೆಲವು ಮಾದರಿಗಳಿಗೆ ಅಳವಡಿಸಿದರು. ಬಹಳ ಎತ್ತರದಲ್ಲಿ ಗಾಳಿ ತೆಳು. ಅಲ್ಲಿ ಗಾಳಿ ತುಂಬುವ ಸೂಪರ್‌ಚಾರ್ಜರ್ ಕೂಡ ಸೋಲುತ್ತದೆ. ಆಗ ಪೈಲಟ್ ನೈಟ್ರಸ್ ಆಕ್ಸೈಡ್ ಹರಿಸಿ ಕಳೆದುಹೋದ ಶಕ್ತಿಯನ್ನು ಮರಳಿ ಪಡೆಯುತ್ತಿದ್ದ. ಆದರೆ ಕೆಳಗೆ ಹಾರುವಾಗ ಆ ತೊಟ್ಟಿ ಬರೀ ಹೊರೆ; ಒಳಗಿದ್ದದ್ದು ಸ್ವಲ್ಪ ಹೊತ್ತಿಗೆ ಸಾಕಾಗುವಷ್ಟೇ.

ಕಾರಿನಲ್ಲೂ ಅಷ್ಟೆ. ನೂರು ಅಶ್ವಶಕ್ತಿ ಹೆಚ್ಚು ಬೇಕೆಂದರೆ ನಾಲ್ಕೂವರೆ ಕಿಲೋ ಬಾಟಲಿ ಸುಮಾರು ಎರಡು ನಿಮಿಷದಲ್ಲಿ ಖಾಲಿ.

ಈಗ ಅಪಾಯದ ಮಾತು. ಗ್ಯಾಸ್ ಹೋಯಿತು, ಆದರೆ ಅದಕ್ಕೆ ತಕ್ಕ ಪೆಟ್ರೋಲ್ ಹೋಗಲಿಲ್ಲ ಎನ್ನಿ. ಪಂಪು ದುರ್ಬಲವಿರಬಹುದು, ಫಿಲ್ಟರ್ ಕಟ್ಟಿರಬಹುದು. ಆಗ ಸಿಲಿಂಡರಿನಲ್ಲಿ ವಿಪರೀತ ಶಾಖವೇರುತ್ತದೆ, ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ, ಅಲ್ಯೂಮಿನಿಯಂ ಪಿಸ್ಟನ್ ಕರಗಿ ತೂತಾಗುತ್ತದೆ. ಇದಕ್ಕೆ ಕೆಲವು ಸೆಕೆಂಡು ಸಾಕು. ಅದಕ್ಕಾಗಿಯೇ ಬಲ್ಲವರು ಪ್ರತ್ಯೇಕ ಪೆಟ್ರೋಲ್ ಸಾಲು ಹಾಕುತ್ತಾರೆ, ಕಿಡಿಯ ಸಮಯವನ್ನು ತಡಮಾಡುತ್ತಾರೆ, ಎಂಜಿನ್ ಪೂರ್ಣ ಥ್ರಾಟಲಿನಲ್ಲಿ ವೇಗವಾಗಿ ತಿರುಗುವಾಗ ಮಾತ್ರ ಗ್ಯಾಸ್ ಬಿಡುತ್ತಾರೆ. ವರ್ಕ್‌ಶಾಪಿನಲ್ಲಿ ಕೆಲಸ ಕಲಿಯುತ್ತಿರುವ ನಮ್ಮ ಹುಡುಗರು ಇದನ್ನು ವಿಶೇಷವಾಗಿ ಗಮನಿಸಬೇಕು: ಗಿರಾಕಿ ಬಾಟಲಿ ತಂದು ಕೊಡುತ್ತಾನೆ, ಪಿಸ್ಟನ್ ತೂತಾದಾಗ ದೂರು ಬರುವುದು ನಿಮ್ಮ ಮೇಲೆ. ಬ್ರೇಕು, ಟೈರುಗಳಂತೂ ಹಳೆಯವೇ ಇರುತ್ತವೆ. ಮೇಲಾಗಿ, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಬದಲಾಯಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ತಡೆಯಿದೆ.

ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ: ‘ನಗಿಸುವ ಅನಿಲ ಇದೇನಾ?’ ಹೌದು, ಇದೇ. ವೈದ್ಯರು ಇದನ್ನು ಆಮ್ಲಜನಕದೊಡನೆ ಬೆರೆಸಿ, ಅಳತೆಯಲ್ಲಿ ಕೊಡುತ್ತಾರೆ. ಮೋಜಿಗಾಗಿ ಮತ್ತೆ ಮತ್ತೆ ಸೇದಿದರೆ ದೇಹದಲ್ಲಿ ಬಿ-12 ಜೀವಸತ್ವ ಕೆಲಸಕ್ಕೆ ಬಾರದಂತಾಗಿ ನರಗಳು ಹಾಳಾಗುತ್ತವೆ, ನಡೆಯುವುದೇ ಕಷ್ಟವಾಗಬಹುದು. ಕಾರಿಗೆಂದು ಮಾರುವ ಗ್ಯಾಸಿಗೆ ಹಲವೆಡೆ ಸ್ವಲ್ಪ ಗಂಧಕದ ಡೈಆಕ್ಸೈಡ್ ಬೆರೆಸುವುದು ಯಾರೂ ಅದನ್ನು ಮೂಸಬಾರದೆಂದೇ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದ ಪ್ರಶ್ನೆಗಳನ್ನು ಊಟದ ಹೊತ್ತಿನಲ್ಲಿ ಕೇಳಿ.